ಅಂಗಳದಲ್ಲೇ ನಿಂತ ಅಣ್ಣ

ತೌಬಾ ಎಂಬುದು ನಮ್ಮ ಉರ್ದುವಿನಲ್ಲಿ ಸವೆದುಹೋದ ನಾಣ್ಯ. ಈರುಳ್ಳಿ ಬೆಲೆ ಏರಿದರೆ ತೌಬಾ, ಸೆಕೆ ಹೆಚ್ಚಾದರೆ ತೌಬಾ, ಪಕ್ಕದ ಮನೆಯ ಹುಡುಗಿ ಯಾರೊಡನೆಯೋ ನಿಂತು ಮಾತನಾಡಿದಳೆಂದರೆ ಎರಡೂ ಕಿವಿ ಹಿಡಿದು ತೌಬಾ ತೌಬಾ. ಕಿವಿಗೊಟ್ಟು ಕೇಳಿದರೆ ಇವುಗಳಲ್ಲಿ ಹೆಚ್ಚಿನವು ಬೇರೆಯವರ ಪಾಪಕ್ಕಾಗಿ ಹೇಳಿದವು. ತನ್ನ ಪಾಪದ ಸರದಿ ಬಂದಾಗ ನಾಲಿಗೆ ಅಷ್ಟು ಸಲೀಸಾಗಿ ಹೊರಳುವುದಿಲ್ಲ. ಆದರೆ ಆ ಅರಬಿ ಪದದ ಮೂಲದಲ್ಲಿರುವ ಅರ್ಥ ಬಹಳ ಸರಳ. ತಿರುಗಿ ಬರುವುದು, ಅಷ್ಟೆ.

ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿ, ಆಮೇಲೆ ಕನ್ನಡಕ್ಕೆ ಬಂದವರು ನಾವು. ಕನ್ನಡ ಓದುವ ಹಸಿವಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ ಕಾಲದಲ್ಲಿ ಹಳೆಯ ಕನ್ನಡ ಬೈಬಲ್ಲೂ ಸಿಕ್ಕಿತು. ಅದರಲ್ಲಿ ಯೋಹಾನನೂ ಯೇಸುವೂ ಜನರನ್ನು ಕರೆಯುವುದು ದೇವರ ಕಡೆಗೆ ತಿರುಗಿಕೊಳ್ಳಲು. ಅಪರಿಚಿತ ಊರಿನಲ್ಲಿ ನೆಂಟರನ್ನು ಕಂಡಂತಾಯಿತು ನಮಗೆ. ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದ ಮೆಟನೋಯ, ಅಂದರೆ ಮನಸ್ಸೇ ಬದಲಾಗುವುದು. ಅದರ ಹಿಂದಿರುವ ಹೀಬ್ರೂ ಮಾತಿಗೆ ಮತ್ತೆ ಅದೇ ಅರ್ಥ, ತಿರುಗುವುದು. ಪಶ್ಚಾತ್ತಾಪ ಎಂಬ ಸಂಸ್ಕೃತ ಪದದಲ್ಲಿ ಆಮೇಲೆ ಬೇಯುವ ಸಂಕಟವಿದೆ. ಈ ಪದಗಳಲ್ಲಿ ಬೇಯುವುದಕ್ಕಿಂತ ನಡೆಯುವುದು ಮುಖ್ಯ. ಎಷ್ಟು ಅತ್ತೆ ಎಂದಲ್ಲ, ಯಾವ ಕಡೆಗೆ ಕಾಲು ಹಾಕಿದೆ ಎಂಬುದು ಪ್ರಶ್ನೆ.

ನಾವು ಬೆಳೆದದ್ದು ಬೆಂಗಳೂರಿನ ಶಿವಾಜಿನಗರದಲ್ಲಿ. ರಸೆಲ್ ಮಾರ್ಕೆಟ್ಟಿನ ಸುತ್ತ ಒಂದು ಕಡೆ ಮಸೀದಿಗಳ ಅಜಾನ್, ಇನ್ನೊಂದು ಕಡೆ ಸೇಂಟ್ ಮೇರೀಸ್ ಬೆಸಿಲಿಕಾದ ಗಂಟೆ. ಸೆಪ್ಟೆಂಬರ್ 8ರ ಮೇರಿ ಹಬ್ಬಕ್ಕೆ ಕೇಸರಿ ಸೀರೆ ಉಟ್ಟು ಬರುವ ಜನಸಾಗರವನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಗಮನ ಸೆಳೆಯುತ್ತಿದ್ದುದು ಸದ್ದಿಲ್ಲದ ಇನ್ನೊಂದು ಕಾಲ, ಈಸ್ಟರಿನ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ. ಬೂದಿ ಬುಧವಾರದಂದು ಹಣೆಗೆ ಬೂದಿಯ ಶಿಲುಬೆ ಹಚ್ಚಿಸಿಕೊಂಡವರು ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಎದುರಾಗುತ್ತಿದ್ದರು. ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗುತ್ತಾನೆ ಎಂಬ ನೆನಪನ್ನು ಅವರು ಹಣೆಯ ಮೇಲೆ ಹೊತ್ತು ತಿರುಗುತ್ತಿದ್ದರು. ಶುಕ್ರವಾರಗಳಲ್ಲಿ ನಮ್ಮವರು ಜುಮಾ ಮುಗಿಸಿ ಬಂದ ಮೇಲೆ ಸಂಜೆ ಅವರು ಶಿಲುಬೆಯ ಹಾದಿಯ ಹದಿನಾಲ್ಕು ನಿಲ್ದಾಣಗಳ ಪ್ರಾರ್ಥನೆಗೆ ಹೊರಡುತ್ತಿದ್ದರು.

ಆ ದಿನಗಳಲ್ಲೇ ಪಾಪನಿವೇದನೆಯ ಸಾಲು ಉದ್ದವಾಗುತ್ತದೆ. ಮನಸ್ಸಾಕ್ಷಿಯನ್ನು ಶೋಧಿಸಿಕೊಳ್ಳುವುದು, ಮರುಗುವುದು, ಇನ್ನು ಮಾಡೆನೆಂದು ನಿಶ್ಚಯಿಸುವುದು, ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದು, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಪೂರೈಸುವುದು, ಇವು ಕಥೋಲಿಕರು ಚಿಕ್ಕಂದಿನಲ್ಲೇ ಕಲಿಯುವ ಮೆಟ್ಟಿಲುಗಳು. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನಮ್ಮಲ್ಲಿ ದಾಸನಿಗೂ ದೇವರಿಗೂ ನಡುವೆ ಯಾರೂ ಇಲ್ಲ. ಪ್ರಾಟೆಸ್ಟೆಂಟರೂ ಸಾಮಾನ್ಯವಾಗಿ ನೇರವಾಗಿ ದೇವರಿಗೇ ಹೇಳಿಕೊಳ್ಳುತ್ತಾರೆ. ಆದರೂ ತನ್ನ ತಪ್ಪನ್ನು ತನ್ನದೇ ಕಿವಿಗೆ ಬೀಳುವಂತೆ ಉಚ್ಚರಿಸುವುದರಲ್ಲಿ ಒಂದು ಸತ್ಯವಿದೆ ಎಂದು ನಮಗೆ ಅನ್ನಿಸುತ್ತದೆ. ಮನಸ್ಸಿನೊಳಗೆ ತಪ್ಪಿಗೆ ನೂರು ವೇಷ. ಬಾಯಿಗೆ ಬಂದಾಗ ಅದಕ್ಕೆ ಒಂದೇ ಹೆಸರು.

ನಮ್ಮ ಗಲ್ಲಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ತಮಿಳು ಕ್ರೈಸ್ತ ಹೆಂಗಸಿದ್ದರು. ನಮ್ಮ ಮನೆಗಳ ಸಲ್ವಾರ್ ಕಮೀಜು, ಬುರ್ಖಾ, ಈದಿನ ಹೊಸಬಟ್ಟೆ ಎಲ್ಲ ಅವರ ಮಿಷನ್ನಿನಿಂದಲೇ ಬರಬೇಕು. ಮಿಕ್ಕ ತುಂಡು ಬಟ್ಟೆ ದರ್ಜಿಗೆ ಎಂಬುದು ಲೋಕರೂಢಿ, ಅದನ್ನು ಯಾರೂ ಕೇಳುವುದಿಲ್ಲ. ಆದರೆ ಪ್ರತಿವರ್ಷ ಪಾಪನಿವೇದನೆಗೆ ಹೋಗುವ ವಾರ ಆಕೆ ತುಂಡುಗಳ ಗಂಟು ಕಟ್ಟಿಕೊಂಡು ಮನೆಮನೆಗೆ ಬರುತ್ತಿದ್ದರು. ಇದು ನಿಮ್ಮ ಹಸಿರು, ಇದು ನಿಮ್ಮ ಸ್ಯಾಟಿನ್ ಎಂದು ವಿಂಗಡಿಸಿ ಕೊಡುತ್ತಿದ್ದರು. "ಇರಲಿ ಬಿಡಮ್ಮ, ದಿಂಬಿಗಾಗುತ್ತೆ" ಎಂದು ನಮ್ಮ ಅಜ್ಜಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ಫಾದರ್ ಹತ್ತಿರ ಆಮೇಲೆ ಹೋಗ್ತೀನಿ, ಮೊದಲು ನೀವು ತಗೊಳ್ಳಿ" ಎನ್ನುತ್ತಿದ್ದರು. ಅಜ್ಜಿ ಆ ತುಂಡುಗಳನ್ನು ಕೈಯಲ್ಲಿ ಹಿಡಿದು, ಹುಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಸಲ್ಲಬೇಕಾದ ಹಕ್ಕು, ಏನೆಂಬುದನ್ನು ಇವಳಿಂದ ಕಲಿಯಿರಿ ಎಂದು ನಮಗೆ ಹೇಳುತ್ತಿದ್ದರು.

ಆಕೆ ಮಾಡುತ್ತಿದ್ದುದಕ್ಕೆ ಸುವಾರ್ತೆಯಲ್ಲೇ ಆಧಾರವಿದೆ. ಬಲಿಪೀಠದ ಬಳಿ ಕಾಣಿಕೆ ತಂದವನಿಗೆ ತನ್ನ ಮೇಲೆ ಸಹೋದರನಿಗೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಿ ಬರಬೇಕೆಂಬುದು ಯೇಸುವಿನ ಬೋಧನೆ. ಲೂಕನ ಸುವಾರ್ತೆಯಲ್ಲಿ ಜೆರಿಕೋ ಊರಿನ ಜಕ್ಕಾಯ ಸುಂಕದವರ ಮುಖಂಡ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ಅವನನ್ನು ಕೆಳಗಿಳಿಸಿ, ಇವತ್ತು ನಿನ್ನ ಮನೆಯಲ್ಲೇ ನಮ್ಮ ಬಿಡಾರ ಎಂದ ಮೇಲೆ ಅವನು ಅತ್ತ ಎಂದು ಲೂಕ ಬರೆಯುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕುಪಟ್ಟು ವಾಪಸು ಎಂದು ಲೆಕ್ಕ ಹೇಳುತ್ತಾನೆ. ಪಶ್ಚಾತ್ತಾಪಕ್ಕೆ ಕಣ್ಣೀರಿಗಿಂತ ಲೆಕ್ಕಪುಸ್ತಕ ಒಳ್ಳೆಯ ಸಾಕ್ಷಿ. ಶಬೇ ಬರಾತಿನ ಹಿಂದಿನ ದಿನ ನಮ್ಮ ಮೊಬೈಲುಗಳಿಗೆ ವಾಟ್ಸಾಪಿನಲ್ಲಿ ರಾಶಿರಾಶಿ ಮಾಫಿ ಬರುತ್ತದಲ್ಲ, ಒಬ್ಬರೇ ಇನ್ನೂರು ಜನಕ್ಕೆ ಕಳಿಸಿದ್ದು, ಅದರೊಡನೆ ಯಾರಾದರೂ ಬಾಕಿ ಹಣವನ್ನೂ ಕಳಿಸಿದ್ದನ್ನು ನಾವು ಕಂಡಿಲ್ಲ.

ಅಗ್ಗದ ಮಾಫಿಯ ರೋಗ ಚರ್ಚಿನ ಚರಿತ್ರೆಯಲ್ಲೂ ಇತ್ತು. ಹಣ ಕೊಟ್ಟವರಿಗೆ ಪಾಪದ ದಂಡನೆಯಿಂದ ವಿನಾಯಿತಿ ಪತ್ರ ಕೊಡುವ ದಂಧೆ ನಡೆದಾಗಲೇ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ 1517ರಲ್ಲಿ 95 ಸೂತ್ರಗಳನ್ನು ಬರೆದದ್ದು. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದು ಅವುಗಳಲ್ಲಿ ಮೊದಲನೆಯದರ ಸಾರ. ವರ್ಷಕ್ಕೊಮ್ಮೆ ತೊಳೆದುಕೊಳ್ಳುವ ಕೊಳೆಯಲ್ಲ ಅದು, ದಿನವೂ ದಾರಿ ಸರಿಪಡಿಸಿಕೊಳ್ಳುವ ನಡಿಗೆ.

ಆದರೆ ಬರಿಯ ಮರುಕ ಮನುಷ್ಯನನ್ನು ಉಳಿಸುತ್ತದೆಯೇ? ಇಲ್ಲಿ ಸುವಾರ್ತೆ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸುತ್ತದೆ. ಯೂದ 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ. ಪೇತ್ರ ಅದೇ ರಾತ್ರಿ, ಬೆಂಕಿ ಕಾಯಿಸುತ್ತ ಕುಳಿತವರ ನಡುವೆ, ಅವನನ್ನು ನಾನರಿಯೆ ಎಂದು ಮೂರು ಬಾರಿ ಹೇಳಿದ. ಕೋಳಿ ಕೂಗಿತು. ರಸೆಲ್ ಮಾರ್ಕೆಟ್ಟಿನ ಕೋಳಿ ಅಂಗಡಿಗಳ ಪಕ್ಕದಲ್ಲಿ ಬೆಳೆದ ನಮಗೆ ಆ ಕೂಗು ಮತ್ತಷ್ಟು ಹತ್ತಿರದ್ದು. ಇಬ್ಬರೂ ಮರುಗಿದರು. ಮತ್ತಾಯನ ಪ್ರಕಾರ ಯೂದ ನಾಣ್ಯಗಳನ್ನು ಹಿಂದಿರುಗಿಸಿ, ನಿರ್ದೋಷಿಯನ್ನು ಕೊಲ್ಲಿಸಿದೆ ಎಂದು ಒಪ್ಪಿಕೊಂಡ. ಮೇಲ್ನೋಟಕ್ಕೆ ಅವನ ಪಶ್ಚಾತ್ತಾಪವೇ ಪೇತ್ರನದಕ್ಕಿಂತ ಪೂರ್ತಿಯಾದದ್ದು. ಆದರೆ ಅವನು ಹೋಗಿ ನೇಣು ಹಾಕಿಕೊಂಡ. ಪೇತ್ರ ಅತ್ತು ಉಳಿದುಕೊಂಡ. ಮುಂದೆ ಸರೋವರದ ದಡದಲ್ಲಿ, ಮೂರು ಬಾರಿ ಅಲ್ಲಗಳೆದವನಿಗೆ, ನನ್ನನ್ನು ಪ್ರೀತಿಸುತ್ತೀಯಾ ಎಂಬ ಪ್ರಶ್ನೆ ಮೂರು ಬಾರಿ ಬಂತು, ಕುರಿಗಳನ್ನು ಕಾಯುವ ಕೆಲಸವೂ ಬಂತು. ಕ್ರೈಸ್ತರು ವಿಶ್ವಾಸ ಎನ್ನುವುದರ ದಿನಬಳಕೆಯ ಅರ್ಥ ಇದೇ ಇರಬೇಕು. ನನಗಿನ್ನೂ ಬಾಗಿಲು ಮುಚ್ಚಿಲ್ಲ ಎಂದು ನಂಬುವುದು. ಆ ನಂಬಿಕೆ ಇಲ್ಲದಿದ್ದರೆ ಪಶ್ಚಾತ್ತಾಪವೇ ಕೊರಳಿಗೆ ಹಗ್ಗವಾಗುತ್ತದೆ. ಎಷ್ಟೇ ಅತಿರೇಕ ಎಸಗಿದ್ದರೂ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎಂಬ ಕುರ್‌ಆನಿನ ಆಶ್ವಾಸನೆ ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸುವುದಿಲ್ಲ.

ಇನ್ನು ಲೂಕನ ಹದಿನೈದನೆಯ ಅಧ್ಯಾಯದ ಆ ಕತೆ. ಕತೆ ಬರೆಯುವ ಕಸುಬಿನವರಾದ ನಮಗೆ ಅದನ್ನು ಓದಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ಕಿರಿಯ ಮಗ ತಂದೆ ಬದುಕಿರುವಾಗಲೇ ಪಾಲು ಕೇಳಿ, ದೂರದೇಶಕ್ಕೆ ಹೋಗಿ, ಎಲ್ಲ ಉಡಾಯಿಸಿ, ಬರಗಾಲದಲ್ಲಿ ಹಂದಿ ಮೇಯಿಸುವ ಕೆಲಸಕ್ಕೆ ಸೇರುತ್ತಾನೆ. ಕೇಳುತ್ತಿದ್ದ ಯಹೂದಿಗಳಿಗೆ ಅದಕ್ಕಿಂತ ಕೆಳಗಿನ ಮೆಟ್ಟಿಲಿರಲಿಲ್ಲ, ನಮ್ಮವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಸಿವು ಅವನನ್ನು ಮನೆಯ ಕಡೆಗೆ ತಿರುಗಿಸುತ್ತದೆ. ದಾರಿಯುದ್ದಕ್ಕೂ ತಂದೆಯ ಮುಂದೆ ಆಡಬೇಕಾದ ಮಾತನ್ನು ಉರುಹೊಡೆಯುತ್ತಾನೆ. ಆದರೆ ಅವನಿನ್ನೂ ದೂರದಲ್ಲಿರುವಾಗಲೇ ಮುದಿತಂದೆ ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಆ ಕಾಲದ ಗೌರವಸ್ಥ ಯಜಮಾನ ಊರಿಗೆ ಕಾಣುವಂತೆ ಓಡುವುದೆಂದರೆ ಮರ್ಯಾದೆ ಬಿಟ್ಟಂತೆ. ಮಗನ ಮಾತು ಮುಗಿಯುವ ಮೊದಲೇ ಅವನಿಗೆ ಒಳ್ಳೆಯ ಬಟ್ಟೆ, ಉಂಗುರ, ಚಪ್ಪಲಿ ಬರುತ್ತವೆ. ಮಗನ ಕ್ಷಮೆಯಾಚನೆಗಿಂತ ತಂದೆಯ ಕರುಣೆ ಮುಂದಾಗಿ ಹೊರಟಿತ್ತು. ಕ್ರೈಸ್ತ ಚಿಂತನೆಯ ತಿರುಳು ಇಲ್ಲಿದೆ ಎಂದು ನಾವು ತಿಳಿದಿದ್ದೇವೆ. ಪಶ್ಚಾತ್ತಾಪಪಟ್ಟದ್ದಕ್ಕೆ ಕೂಲಿಯಾಗಿ ಕರುಣೆ ಸಿಗುವುದಲ್ಲ. ಕರುಣೆ ಮೊದಲೇ ದಾರಿಯಲ್ಲಿ ನಿಂತಿರುವುದರಿಂದ ಮನುಷ್ಯನಿಗೆ ತಿರುಗಿ ಬರಲು ಧೈರ್ಯ ಬರುತ್ತದೆ.

ಇದು ಕತೆಯಲ್ಲಿ ಚೆಂದ, ಲೋಕದಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿಗೆ ಮಧ್ಯಪ್ರದೇಶದ ಒಂದು ಸಂಗತಿ ಹೇಳಬೇಕು. ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಂಸ್ಥೆಯ ಸನ್ಯಾಸಿನಿ. ಇಂದೋರ್ ಬಳಿಯ ಉದಯನಗರದಲ್ಲಿ ಬಡ ಆದಿವಾಸಿಗಳನ್ನು ಸಾಹುಕಾರರ ಬಡ್ಡಿಯ ಬಲೆಯಿಂದ ಬಿಡಿಸುವ ಕೆಲಸ ಹಿಡಿದಿದ್ದರು. ಅದರಿಂದ ನಷ್ಟವಾದವರಿಗೆ ಅವರು ಕಣ್ಣಿನ ಮುಳ್ಳಾದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟ ಬಸ್ಸಿನಲ್ಲಿ, ಪ್ರಯಾಣಿಕರ ಕಣ್ಣೆದುರಿಗೇ, ಸಮಂದರ್ ಸಿಂಗ್ ಎಂಬ ತರುಣ ಅವರನ್ನು ಇರಿದು ಕೊಂದ. ದೇಹದ ಮೇಲೆ 50ಕ್ಕೂ ಹೆಚ್ಚು ಗಾಯಗಳಿದ್ದವು. ಅವರಿಗಾಗ 41 ವರ್ಷ.

ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. ತನ್ನನ್ನು ಈ ಕೆಲಸಕ್ಕೆ ಹಚ್ಚಿದವರ ಮೇಲೆ ಸೇಡು ತೀರಿಸಿಕೊಳ್ಳುವ ಯೋಚನೆಯಲ್ಲೇ ಅವನು ಜೈಲಿನಲ್ಲಿ ಕುದಿಯುತ್ತಿದ್ದ. ಒಬ್ಬ ಕ್ರೈಸ್ತ ಗುರು ಅವನನ್ನು ಮತ್ತೆಮತ್ತೆ ಕಂಡು ಮಾತನಾಡಿಸಿದರು. 2002ರ ರಕ್ಷಾಬಂಧನದ ಹೊತ್ತಿಗೆ ರಾಣಿ ಮರಿಯರ ತಂಗಿ, ತಾನೂ ಸನ್ಯಾಸಿನಿಯಾದ ಸಿಸ್ಟರ್ ಸೆಲ್ಮಿ ಪೌಲ್, ಇಂದೋರಿನ ಜೈಲಿಗೆ ಹೋಗಿ ಅಕ್ಕನನ್ನು ಇರಿದ ಆ ಕೈಗೇ ರಾಖಿ ಕಟ್ಟಿದರು. ಅವನ ಬಿಡುಗಡೆಗಾಗಿ ಆ ಕುಟುಂಬವೇ ಸಹಿ ಹಾಕಿತು. 2006ರಲ್ಲಿ ಅವನು ಹೊರಬಂದ. ಮರುವರ್ಷ ಕೇರಳದ ಆ ಮನೆಗೆ ಹೋಗಿ ಹೆತ್ತವಳ ಮುಂದೆ ನಿಂತು ಕ್ಷಮೆ ಕೇಳಿದ. ಮನೆಯವರು ಅವನನ್ನು ಒಳಗೆ ಕರೆದರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಚರ್ಚು ಪುನೀತೆ ಎಂದು ಸಾರಿದಾಗ ಜನರ ನಡುವೆ ಅವನೂ ಇದ್ದ.

ಗಮನಿಸಬೇಕಾದದ್ದು ಕ್ರಮವನ್ನು. ಅವನು ಪೂರ್ತಿ ಬದಲಾದ ಮೇಲೆ ರಾಖಿ ಬರಲಿಲ್ಲ. ರಾಖಿ ಬಂದ ಮೇಲೆ ಅವನಿಗೆ ಬದಲಾದ ಮನುಷ್ಯನಾಗಿ ಬದುಕುವ ದಾರಿ ಕಾಣಿಸಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕ್ಷಮಿಸುವ ಹಕ್ಕು ನೊಂದವರದ್ದು ಮಾತ್ರ. ದೂರದಲ್ಲಿ ಕುಳಿತು, ನೀವೇಕೆ ಕ್ಷಮಿಸಬಾರದು ಎಂದು ಅವರಿಗೆ ಉಪದೇಶಿಸುವುದು ಎರಡನೆಯ ಅನ್ಯಾಯ. ಕೊಲೆ, ದಂಗೆಗಳಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ನ್ಯಾಯದ ಬದಲು ಕ್ಷಮೆಯ ಪಾಠ ಹೇಳಿಕೊಡುವವರು ನಮ್ಮ ದೇಶದಲ್ಲಿ ಕಡಿಮೆಯೇನಿಲ್ಲ. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ಜೀಪಿನಲ್ಲಿ ಸುಟ್ಟಾಗ, ಪತ್ನಿ ಗ್ಲಾಡಿಸ್ ತಾನು ಕ್ಷಮಿಸಿದ್ದೇನೆ ಎಂದರು. ಮುಂದೆಯೂ ವರ್ಷಗಳ ಕಾಲ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲೇ ಉಳಿದರು. ಆದರೆ ಕ್ಷಮೆ ಬೇರೆ, ಅಪರಾಧಕ್ಕೆ ಕಾನೂನು ಕೊಡುವ ಫಲ ಬೇರೆ ಎಂಬ ಗೆರೆಯನ್ನು ಆಕೆ ಅಳಿಸಲಿಲ್ಲ. ಮೊಕದ್ದಮೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕರುಣೆ ನ್ಯಾಯದ ಬಾಯಿ ಮುಚ್ಚಿಸುವುದಿಲ್ಲ, ದ್ವೇಷದ ಬಾಯಿ ಮುಚ್ಚಿಸುತ್ತದೆ.

ಲೂಕನ ಕತೆಗೆ ಇನ್ನೊಂದು ಭಾಗವಿದೆ, ನಾವು ಸಾಮಾನ್ಯವಾಗಿ ಮರೆಯುವ ಭಾಗ. ಹಿರಿಯ ಮಗ ಹೊಲದಿಂದ ಬರುತ್ತಾನೆ, ಒಳಗಿನಿಂದ ವಾದ್ಯ ಕೇಳಿಸುತ್ತದೆ. ವಿಷಯ ತಿಳಿದು ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನಮರಿಯೂ ಇಲ್ಲ, ಹಾಳಾಗಿ ಬಂದವನಿಗೆ ಕೊಬ್ಬಿದ ಕರುವೇ ಎಂಬುದು ಅವನ ಅಳಲು. ಅವನ ಮಾತಿನಲ್ಲಿ ಸುಳ್ಳಿಲ್ಲ, ಅದೇ ಕಷ್ಟ. ತಂದೆ ಅವನ ಬಳಿಗೂ ಹೊರಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೇ? ಯೇಸು ಹೇಳುವುದಿಲ್ಲ. ಅವನು ಆ ಕತೆ ಹೇಳಿದ್ದೇ, ಪಾಪಿಗಳೊಡನೆ ಉಣ್ಣುತ್ತಾನೆ ಎಂದು ಗೊಣಗುತ್ತಿದ್ದ ಧರ್ಮನಿಷ್ಠರಿಗೆ. ಕೊನೆಯನ್ನು ಕೇಳುಗರ ಕೈಗೇ ಬಿಟ್ಟುಬಿಟ್ಟ.

ನಮಾಜು ತಪ್ಪದವರು, ಪೂಜೆ ಬಿಡದವರು, ಪ್ರತಿ ಭಾನುವಾರ ಚರ್ಚಿಗೆ ಹೋಗುವವರು, ನಾವೆಲ್ಲ ಹೆಚ್ಚಿನ ದಿನಗಳಲ್ಲಿ ಆ ಅಣ್ಣನ ಜಾಗದಲ್ಲೇ ಇರುತ್ತೇವೆ. ಶಿಕ್ಷೆ ಮುಗಿಸಿ ಜೈಲಿನಿಂದ ಬಂದವನಿಗೆ ಯಾವ ಬೀದಿಯಲ್ಲಿ ಬಾಡಿಗೆಗೆ ಮನೆ ಸಿಗುತ್ತದೆ? ಕುಡಿತ ಬಿಟ್ಟವನಿಗೆ ಮದುವೆಮನೆಯಲ್ಲಿ ಜವಾಬ್ದಾರಿ ಕೊಡುವವರು ಯಾರು? ಮನೆಬಿಟ್ಟು ಹೋಗಿ ಮರಳಿ ಬಂದ ಹುಡುಗಿಗೆ ಓಡಿ ಹೋಗಿ ಬಾಗಿಲು ತೆಗೆಯುವ ತಂದೆ ಎಷ್ಟು ಮಂದಿ? ಅಲ್ಲಾಹ್ ಮಾಫ್ ಕರೇ ಎನ್ನುತ್ತೇವೆ, ದೇವರು ನೋಡಿಕೊಳ್ಳುತ್ತಾನೆ ಎನ್ನುತ್ತೇವೆ. ದೇವರು ನೋಡಿಕೊಳ್ಳುತ್ತಾನೆ, ಸಂಶಯವಿಲ್ಲ. ಅವನ ಕರುಣೆಗೆ ನಮ್ಮ ಒಪ್ಪಿಗೆಯ ಅಗತ್ಯವೂ ಇಲ್ಲ. ಆದರೆ ತಿರುಗಿ ಬಂದವನಿಗೆ ಮನೆ, ಕೆಲಸ, ಪಂಕ್ತಿಯಲ್ಲಿ ಒಂದು ಜಾಗ, ಇವುಗಳನ್ನು ಕೊಡಬೇಕಾದವರು ನಾವೇ.