ಕಾಟನ್‌ಪೇಟೆಯಿಂದ ಗುಲ್ಮಾರ್ಗಿಗೆ: ಈ ಸಲ ನನಗೂ ಒಂದು ಜೊತೆ ಹಲಗೆ

ಎರಡು ವರ್ಷದ ಹಿಂದೆ ಮನೆಮಂದಿಯೆಲ್ಲ ಮನಾಲಿ ಹತ್ತಿರದ ಸೋಲಾಂಗ್ ಕಣಿವೆಗೆ ಹೋಗಿದ್ದೆವು. ನಮ್ಮವರು, ಮಗಳು, ಮಗ, ಭಾವನ ಮಕ್ಕಳಿಬ್ಬರು ಎಲ್ಲರೂ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿದ್ದೇ ಜಾರಿದ್ದು. ನಾನು? ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಐದು ಜೊತೆ ಶೂ, ನಾಲ್ಕು ಬ್ಯಾಗು, ಪುಳಿಯೋಗರೆ ಡಬ್ಬಿ ಕಾಯುತ್ತಿದ್ದೆ. ಊರಿಗೆ ಬಂದು ಫೋಟೋ ನೋಡಿದರೆ ನಾನಿರುವುದು ಒಂದೇ ಒಂದರಲ್ಲಿ, ಅದೂ ಅರ್ಧ. ನಿಮಗೂ ಎಲ್ಲೋ ಒಂದು ಕಡೆ ಹೀಗಾಗಿರಬೇಕಲ್ಲವೇ?

ಮುಂದಿನ ಸಲದ ಏರ್ಪಾಡು ನನ್ನದೇ ಎಂದು ಅವತ್ತೇ ನಿಶ್ಚಯಿಸಿದೆ. ಬರುವ ಫೆಬ್ರವರಿಗೆ ಕಾಶ್ಮೀರದ ಗುಲ್ಮಾರ್ಗ್. ನನಗೀಗ ಐವತ್ತೊಂದು.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರ್ ಮೇಲೆ, ತಿಳಿಯಿತೇ? ಬೇಸಿಗೆಯಲ್ಲಿ ಗಾಲ್ಫ್ ಆಡುವ ಹುಲ್ಲಿನ ಬಯಲು ಚಳಿಗಾಲದಲ್ಲಿ ಹಿಮ ಹೊದ್ದು, ಹೊಸಬರು ಕಲಿಯುವುದಕ್ಕೆ ಹೇಳಿ ಮಾಡಿಸಿದ ಇಳಿಜಾರಾಗುತ್ತದೆ. ಅಲ್ಲಿಂದ ಗೊಂಡೋಲಾ ಎನ್ನುವ ತೂಗುಗಾಡಿ ಮೊದಲು ಕೊಂಗ್ಡೂರಿಗೆ, ಆಮೇಲೆ ಅಫರ್ವತ್ ಬೆಟ್ಟದ ಭುಜಕ್ಕೆ ಹೋಗುತ್ತದೆ. ಕೊನೆಯ ನಿಲ್ದಾಣ ಹತ್ತಿರ ಹತ್ತಿರ 4,000 ಮೀಟರ್. ಹೋಗಿ, ನೋಡಿ, ಅದೇ ಗಾಡಿಯಲ್ಲಿ ಇಳಿದು ಬನ್ನಿ. ಮೇಲಿನಿಂದ ಜಾರಿ ಬರುವುದು ಪಳಗಿದವರ ಕೆಲಸ. 2024ರ ಫೆಬ್ರವರಿಯಲ್ಲಿ ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶದ ಸ್ಕೀಗಾರನೊಬ್ಬ ಜೀವ ಕಳೆದುಕೊಂಡ.

ಫೆಬ್ರವರಿಯೇ ಯಾಕೆ ಅಂತೀರಾ? ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದವರು ಚಿಲ್ಲೈ ಕಲಾನ್ ಅನ್ನುತ್ತಾರೆ, ಕೊರೆಯುವ ಚಳಿಯ ಕಾಲ. ಅದು ಮುಗಿದರೆ ನಮ್ಮಂಥವರಿಗೆ ಸ್ವಲ್ಪ ಸಹ್ಯ. ಆದರೆ ಹಿಮವೂ ಈಗ ನಮ್ಮ ಮುಂಗಾರಿನ ಹಾಗೇ ಕೈಕೊಡುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಹಿಮವಿಲ್ಲದೆ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನೇ ಮಾರ್ಚಿಗೆ ಮುಂದೂಡಿದರು. ಆದ್ದರಿಂದ ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ಹೋಟೆಲನ್ನೇ ಹಿಡಿಯಿರಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ದುಡ್ಡಿನ ಮಾತಿಗಿಂತ ಮೊದಲು ನಮ್ಮ ಮನೆಯಲ್ಲಿ ಎದ್ದದ್ದು ಭಯದ ಮಾತು. 2025ರ ಏಪ್ರಿಲ್ 22ರಂದು ಪಹಲ್ಗಾಮದಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ನಮ್ಮವರು ಪೇಪರ್ ಮಡಿಸಿಟ್ಟು "ಬೇಡ ಬಿಡು" ಅಂದರು. ನಾನು ವಾದ ಮಾಡಲಿಲ್ಲ, ನನಗೂ ರಾತ್ರಿ ನಿದ್ದೆ ಬರಲಿಲ್ಲ. ಹೊರಡುವ ವಾರ ಸರ್ಕಾರದ ಸೂಚನೆ ನೋಡುವುದು, ಸಂಶಯ ಬಂದರೆ ಟಿಕೆಟ್ ರದ್ದು ಮಾಡುವುದು ಅಂತ ತೀರ್ಮಾನಿಸಿಕೊಂಡೆವು. ನೀವು ಬೇರೆ ತೀರ್ಮಾನಕ್ಕೆ ಬಂದರೆ ಅದೂ ಸರಿಯೇ.

ದಾರಿ ಈಗ ಸುಲಭ. ನಮಗಂತೂ ರೈಲ್ವೆ ಸ್ಟೇಷನ್ ಮಗ್ಗುಲಲ್ಲೇ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿ, ಅಲ್ಲಿಂದ ಕಟ್ರಾ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ನಡುವೆ ವಂದೇ ಭಾರತ್ ರೈಲು ಬಂದಿದೆ. ಚೆನಾಬ್ ನದಿಯಿಂದ 359 ಮೀಟರ್ ಎತ್ತರದ ಸೇತುವೆ ದಾಟುವಾಗ ಕಿಟಕಿ ಪಕ್ಕ ಕೂರುವವಳು ನಾನೇ, ಮೊದಲೇ ಹೇಳಿಟ್ಟಿದ್ದೇನೆ. ಶ್ರೀನಗರದಿಂದ ಗುಲ್ಮಾರ್ಗ್ ಐವತ್ತು ಕಿಲೋಮೀಟರ್. ಹಿಮ ಬಿದ್ದಿದ್ದರೆ ತಂಗ್ಮಾರ್ಗಿನಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗೆ ಬದಲಾಯಿಸಬೇಕು. ದಪ್ಪ ಕೋಟು, ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ಅಂದಹಾಗೆ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಬಟ್ಟೆ ವಿಷಯಕ್ಕೆ ಬರೋಣ. ನಮ್ಮ ಪೇಟೆಯ ಹೆಸರಲ್ಲೇ ಹತ್ತಿ. ಹುಟ್ಟಿದಾಗಿನಿಂದ ಹತ್ತಿ ಉಟ್ಟು ಹತ್ತಿ ಹಾಸಿಗೆಯಲ್ಲೇ ಮಲಗಿದವಳು ನಾನು. ಹಿಮದಲ್ಲಿ ಮಾತ್ರ ಹತ್ತಿಯೇ ವೈರಿ! ಬೆವರು ಹೀರಿ ಒದ್ದೆಯಾಗೇ ಉಳಿದು ಮೈ ಕೊರೆಯುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೋ ನೈಲಾನ್ ಜಾತಿಯದೋ ಆಗಲಿ, ಮೇಲೆ ಸ್ವೆಟರ್, ಅದರ ಮೇಲೆ ನೀರು ಇಳಿಯದ ಕೋಟು. ಸ್ಕೀ ಬೂಟಿನೊಳಗೆ ಒಂದೇ ಜೊತೆ ಕಾಲುಚೀಲ ಸಾಕು. ಎರಡು ಹಾಕಿದರೆ ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಸೀರೆ ಉಟ್ಟು ಈ ಆಟ ಆಗುವುದಿಲ್ಲ. ಅದನ್ನು ಅತ್ತೆಯವರಿಗೆ ಮೊದಲೇ ಹೇಳಿಬಿಟ್ಟೆ. "ಪ್ಯಾಂಟ್ ಹಾಕ್ಕೋ ತಾಯಿ, ಕಾಲು ಮಾತ್ರ ಮುರ್ಕೊಂಡು ಬರ್ಬೇಡ" ಅಂದರು.

ಕಾಲಿನ ಚಿಂತೆ ನನಗೂ ಇದೆ. ಮಂಡಿ ತೋರಿಸಿ ಡಾಕ್ಟರ ಒಪ್ಪಿಗೆ ಪಡೆದೇ ಶುರುಮಾಡಿದ್ದು. ದಿನಾ ನಮ್ಮ ಮೂರು ಮಹಡಿ ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿಯುತ್ತೇನೆ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವುದು. ಮೊದಲ ದಿನ ಹತ್ತು ಎಣಿಸುವಷ್ಟರಲ್ಲಿ ಕುಸಿದೆ, ಈಗ ನಲವತ್ತಕ್ಕೆ ಬಂದಿದ್ದೇನೆ. ಮೊದಲ ಪಾಠ ಬೀಳುವುದು, ಏಳುವುದು. ಎರಡನೆಯದು ಹಲಗೆಗಳ ತುದಿ ಹತ್ತಿರ ತಂದು ಹಿಂಬದಿ ಅಗಲಿಸಿ ವೇಗ ತಡೆಯುವುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಗುಲ್ಮಾರ್ಗಿನಲ್ಲಿ 2024ರ ಆಟಗಳಲ್ಲಿ ಚಿನ್ನ ಗೆದ್ದರು. ನನಗೆ ಚಿನ್ನ ಬೇಡ, ಮಕ್ಕಳ ಇಳಿಜಾರಿನಲ್ಲಿ ಬೀಳದೆ ನಿಂತರೆ ಸಾಕು. ಕಲಿಸುವವರ ದಿನದ ಸಂಬಳ, ಹಲಗೆ ಬಾಡಿಗೆ ಲೆಕ್ಕ ಬರೆದಾಗ ನಮ್ಮವರು ಮೂರು ಜನಕ್ಕೆ ಬರೆದಿದ್ದರು. ನಾನು ಪೆನ್ನು ತಗೊಂಡು ಮೂರನ್ನು ನಾಲ್ಕು ಮಾಡಿದೆ.

ಇನ್ನು ಅಡಿಗೆ. ಕರೆಂಟ್ ಕುಕ್ಕರ್ ತಗೊಂಡು ಹೋಗೋಣ, ಅನ್ನ ಮಾಡಿಕೊಂಡರೆ ಆಯ್ತು ಅಂತ ಮಗ ಸಲಹೆ ಕೊಟ್ಟ. ಅಷ್ಟು ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಗ ಬೇಯುವುದಿಲ್ಲ ಎಂದು ಅವನಿಗೆ ವಿಜ್ಞಾನ ಹೇಳಿದೆ. ನಿಜವಾದ ಕಾರಣ ನಿಮಗೆ ಗೊತ್ತೇ ಇದೆ. ಚಟ್ನಿಪುಡಿ, ಹುರಿಹಿಟ್ಟು, ತಂಬಿಟ್ಟು ಬರುತ್ತವೆ, ಕುಕ್ಕರ್ ಬರುವುದಿಲ್ಲ.

ಆ ಹತ್ತು ದಿನ ಅತ್ತೆಯವರ ಜೊತೆಗಿರಲು ಮಲ್ಲೇಶ್ವರದಿಂದ ನಾದಿನಿ ಬರುತ್ತಾಳೆ. ಅತ್ತೆಯವರು ಕೇಳಿರುವುದು ಒಂದು ಗ್ರಾಂ ಕೇಸರಿ, ಮತ್ತೆ ನಾನು ಹಲಗೆ ಮೇಲೆ ನಿಂತಿರುವ ಒಂದು ಫೋಟೋ. ಪೂರ್ತಿ ಇರಬೇಕಂತೆ, ಅರ್ಧ ಅಲ್ಲ.