ಅರಿಜೋನಾದಲ್ಲಿ ಹುರುಳಿ

ಅಟ್ಟದ ಟ್ರಂಕಿನಿಂದ ಹೊರಬಿದ್ದ ನೋಟುಪುಸ್ತಕದ ಮೇಲೆ ದಪ್ಪ ಅಕ್ಷರಗಳಲ್ಲಿ ‘ವಿಜ್ಞಾನ’ ಎಂದಿತ್ತು. ಒಳಗೆ ವಿಜ್ಞಾನ ಒಂದೂವರೆ ಪುಟಕ್ಕೇ ಮುಗಿದಿತ್ತು. ಸನ್ನೆಯ ತತ್ತ್ವ ಅರ್ಧಕ್ಕೆ ನಿಂತು, ಅದರ ಕೆಳಗಿನ ಗೆರೆಯಿಂದಲೇ ಜೋನಾ ಹೆಕ್ಸ್ ಕುದುರೆಯ ಮೇಲೆ ಬರುತ್ತಿದ್ದ.

ಅಪ್ಪ ಹೋದಮೇಲೆ ಊರಮನೆ ಖಾಲಿ ಮಾಡಲೆಂದು ಹೋಗಿದ್ದೆವು. ಹೆಂಡತಿ ಹೊಸ್ತಿಲಿನ ಬೆಳಕಿಗೆ ಕೂತು ಓದುತ್ತಾ ಹೋದವಳು ಒಂದು ಕಡೆ ತಡೆಯಲಾರದೆ ನಕ್ಕುಬಿಟ್ಟಳು. “ಏನ್ರೀ ಇದು, ಅರಿಜೋನಾದಲ್ಲಿ ಕೂತ್ಕೊಂಡು ಅವಲಕ್ಕಿ ಮೊಸರು ತಿಂತಾ ಇದಾನಲ್ಲ ಈ ಮನುಷ್ಯ!”

“ಹಸಿವಾಗಿತ್ತು ಅವನಿಗೆ,” ಎಂದೆ. ಬೇರೆ ಸಮರ್ಥನೆ ಹೊಳೆಯಲಿಲ್ಲ.

ಹೆಕ್ಸನ ಪರಿಚಯ ಇಲ್ಲದವರಿಗೆ ಎರಡು ಮಾತು ಹೇಳಬೇಕು. 1972ರಲ್ಲಿ ‘ಆಲ್ ಸ್ಟಾರ್ ವೆಸ್ಟರ್ನ್’ ಎಂಬ ಅಮೆರಿಕದ ಕಾಮಿಕ್ಸಿನ 10ನೇ ಸಂಚಿಕೆಯಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡ. ಕಥೆ ಜಾನ್ ಅಲ್ಬಾನೊ ಅವರದು, ಚಿತ್ರ ಫಿಲಿಪೀನ್ಸಿನಿಂದ ಬಂದ ಟೋನಿ ಡಿಜುನಿಗಾ ಅವರದು. ಮುಖದ ಬಲಭಾಗ ಸುಟ್ಟು ಕರಕಲಾಗಿ, ತುಟಿಯ ಮೇಲೊಂದು ಚರ್ಮದ ಎಳೆ ಸೇತುವೆಯ ಹಾಗೆ ನಿಂತಿರುತ್ತದೆ. ಮೈಮೇಲೆ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಬೂದು ಕೋಟು. 1863ರ ಗುಲಾಮರ ವಿಮೋಚನೆಯ ಘೋಷಣೆಯ ನಂತರ ಆ ಪಕ್ಷವನ್ನು ಬಿಟ್ಟವನು ಕೋಟನ್ನು ಮಾತ್ರ ಬಿಡಲಿಲ್ಲ. ಹಣಕ್ಕಾಗಿ ಅಪರಾಧಿಗಳನ್ನು ಹಿಡಿಯುತ್ತಾನೆ, ಹಿಡಿಯುವುದಕ್ಕಿಂತ ಹೆಚ್ಚಾಗಿ ಕೊಲ್ಲುತ್ತಾನೆ. ಊರನ್ನು ಉಳಿಸಿದ ಮೇಲೆ ಊರವರೇ ಇನ್ನು ಹೊರಡು ಎನ್ನುತ್ತಾರೆ. ಅವನು ಹೊರಡುತ್ತಾನೆ. ಒಳ್ಳೆಯವನೆಂದು ಯಾರೂ ಅನ್ನುವ ಹಾಗಿಲ್ಲ. ಆದರೂ ನನಗೆ ಅವನೇ ಬೇಕಾಗಿತ್ತು.

1979. ನನಗೆ ಹದಿಮೂರು. ಊರಲ್ಲಿ ಹೈಸ್ಕೂಲು ಇಲ್ಲವೆಂದು ಅಪ್ಪ ನನ್ನನ್ನು ಚಾಮರಾಜಪೇಟೆಯ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಅವೆನ್ಯೂ ರಸ್ತೆಯ ಪಾದಚಾರಿ ಹಾದಿಯಲ್ಲಿ ಹಳೇ ಪುಸ್ತಕದ ರಾಶಿಯೊಳಗೆ ಅವನ ಒಂದು ಸಂಚಿಕೆ ಎಂಟಾಣೆಗೆ ಸಿಕ್ಕಿತು. ಕೊನೆಯ ನಾಲ್ಕು ಪುಟ ಇರಲಿಲ್ಲ. ಕಡಲೆಕಾಯಿ ಪೊಟ್ಟಣವಾಗಿ ಯಾರ ಕೈ ಸೇರಿದ್ದವೋ. ಹೆಕ್ಸನನ್ನು ಮರಕ್ಕೆ ಬಿಗಿದು, ಸುತ್ತ ಐದು ಜನ ಬಂದೂಕು ಹಿಡಿದು ನಿಂತಲ್ಲಿಗೆ ಪುಸ್ತಕ ಮುಗಿದಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ರಾತ್ರಿ ವಿಜ್ಞಾನದ ನೋಟುಪುಸ್ತಕ ತೆಗೆದು ಅವನ ಕಟ್ಟು ನಾನೇ ಬಿಚ್ಚಿದೆ.

ಮುಖಪುಟದ ಮೇಲೆ ದುಂಡಗೆ ‘ಡಿಸಿ’ ಎಂದಿತ್ತು. ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಮಾವನಿಗೆ ಗೊತ್ತಿದ್ದ ಡಿ.ಸಿ. ಒಬ್ಬರೇ. ಕನ್ನಡಕ ಮೇಲಕ್ಕೆತ್ತಿ, “ಏನೋ, ಡಿ.ಸಿ.ಯವರು ಇಂಥಾದ್ದೂ ಅಚ್ಚು ಹಾಕಿಸ್ತಾರೇನೋ?” ಎಂದು ಕೇಳಿದರು. ಅವರ ಮನೆಯಲ್ಲೇ ಕೂತು ಬರೆದದ್ದರಿಂದಲೋ ಏನೋ, ತಲೆಗೆ ಕಟ್ಟಿದ ಹಣಕ್ಕಾಗಿ ಬೇಟೆಯಾಡುವ ಹೆಕ್ಸ್ ನನ್ನ ಕಥೆಗಳಲ್ಲಿ ‘ಇನಾಂದಾರ’ ಆಗಿಬಿಟ್ಟ.

ಅದಕ್ಕಿಂತ ದೊಡ್ಡ ಯಡವಟ್ಟು ಸಲೂನಿನದು. ಆ ಕಾಮಿಕ್ಸಿನವರು ಎರಡು ಪುಟಕ್ಕೊಮ್ಮೆ ಸಲೂನಿಗೆ ಹೋಗುತ್ತಾರೆ. ನನಗೆ ಗೊತ್ತಿದ್ದ ಸಲೂನೆಂದರೆ ಮಾವ ತಿಂಗಳಿಗೊಮ್ಮೆ ಕರೆದುಕೊಂಡು ಹೋಗುತ್ತಿದ್ದ ಕ್ಷೌರದಂಗಡಿ. ಅದಕ್ಕೂ ಸೊಂಟದ ಮಟ್ಟದ ಎರಡು ರೆಕ್ಕೆಯ ಬಾಗಿಲು ಇದ್ದದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನನ್ನ ಮೊದಲ ಮೂರು ಕಥೆಗಳಲ್ಲಿ ಹೆಕ್ಸ್ ಬಾಗಿಲು ಒದ್ದು ಒಳಗೆ ನುಗ್ಗುತ್ತಾನೆ, ಅರ್ಧ ಗಡ್ಡ ಬೋಳಿಸಿಕೊಂಡ ದುಷ್ಟರು ಸೋಪಿನ ನೊರೆ ಸಮೇತ ಕುರ್ಚಿಯಿಂದ ಏಳುತ್ತಾರೆ. ಈ ಜನ ಕ್ಷೌರಕ್ಕೆ ಹೋದಾಗಲೆಲ್ಲ ಯಾಕೆ ಇಷ್ಟು ಕುಡಿಯುತ್ತಾರೆಂಬುದು ಮಾತ್ರ ಬಗೆಹರಿಯಲಿಲ್ಲ. ಹೆಕ್ಸನ ಸುಟ್ಟ ಕೆನ್ನೆಗೆ ಕತ್ತಿ ತಾಗದ ಹಾಗೆ ಹುಷಾರಾಗಿ ಕ್ಷೌರ ಮಾಡುವ ಒಬ್ಬ ಮುದುಕನನ್ನು ನಾನೇ ಸೃಷ್ಟಿಸಿದ್ದೆ. ಈಗ ಓದಿದಾಗ ಇಡೀ ಪುಸ್ತಕದಲ್ಲಿ ಆ ಮುದುಕನೇ ಚೆನ್ನಾಗಿ ಬಂದಿದ್ದಾನೆ ಅನ್ನಿಸಿತು.

ಭಾಷೆಯ ಕಷ್ಟ ಬೇರೆ. ಹೆಕ್ಸ್ ಆಡುವುದು ಶಾಲೆಯ ಇಂಗ್ಲಿಷಲ್ಲ. ‘ಐ’ ಅನ್ನಬೇಕಾದಲ್ಲಿ ‘ಆಹ್’ ಅನ್ನುತ್ತಾನೆ, ‘ಯು’ ಅವನ ಬಾಯಲ್ಲಿ ‘ಯಹ್’ ಆಗುತ್ತದೆ. ನಿಘಂಟಿನಲ್ಲಿ ಹುಡುಕಿ ಸೋತು, ಕೊನೆಗೆ ನಮ್ಮ ಮಾಗಡಿ ಸೀಮೆಯ ಮಾತನ್ನೇ ಅವನಿಗೆ ಕೊಟ್ಟೆ. “ಯಾಕ್ಲಾ, ಸಾಯಕ್ಕೆ ಆತುರ್ವಾ?” ಎನ್ನುತ್ತಾ ಹೆಕ್ಸ್ ಪಿಸ್ತೂಲು ತೆಗೆಯುತ್ತಿದ್ದ. ಗೊತ್ತಿಲ್ಲದೆ ಮಾಡಿದ ಕೆಲಸ. ಆದರೆ ಅನುವಾದದ ದೃಷ್ಟಿಯಿಂದ ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ತೀರ್ಮಾನ ಇನ್ನೊಂದನ್ನು ತೆಗೆದುಕೊಂಡಿಲ್ಲ. ಅರಿಜೋನಾ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ‘ಶೋಲೆ’ಯವರು ನಾಲ್ಕು ವರ್ಷ ಹಿಂದೆಯೇ ರಾಮನಗರದ ಬಂಡೆಗಳಿಗೆ ಕುದುರೆ ಹತ್ತಿಸಿ ತೋರಿಸಿದ್ದರು. ರಜೆಗೆ ಊರಿಗೆ ಹೋಗುವಾಗ ಆ ಬಂಡೆಗಳು ರೈಲಿನ ಕಿಟಕಿಯಲ್ಲೇ ಸಿಗುತ್ತಿದ್ದವು.

ಆಮೇಲೊಂದು ದಿನ ಇನ್ನೊಂದು ಹರಕು ಸಂಚಿಕೆಯಲ್ಲಿ ಹೆಕ್ಸನ ಬಾಲ್ಯದ ಕಥೆ ಸಿಕ್ಕಿತು. ತಾಯಿ ಬೇರೊಬ್ಬನ ಜೊತೆ ಹೊರಟುಹೋಗಿರುತ್ತಾಳೆ. ಕುಡುಕ ತಂದೆ ಚಿನ್ನ ಹುಡುಕಲು ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಮಗನನ್ನು ಅಪಾಚೆಗಳಿಗೆ ಮಾರುತ್ತಾನೆ. ಬೆಲೆ, ಒಂದು ಕಂತೆ ತುಪ್ಪಳದ ಚರ್ಮ. ಹುಡುಗನ ವಯಸ್ಸು ಹದಿಮೂರು.

ಆ ವಾರ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲವಂತೆ. ಅತ್ತೆ ಕಷಾಯ ಕುಡಿಸಿದರು.

ಮಾವನ ಮನೆಯಲ್ಲಿ ನನಗೇನೂ ಕಡಿಮೆಯಾಗಿರಲಿಲ್ಲ. ಅಪ್ಪ ರಾಮನಗರದಲ್ಲಿ ರೇಷ್ಮೆಗೂಡು ಮಾರಿದ ಮೇಲೆ ರೈಲು ಹತ್ತಿ ಬರುತ್ತಿದ್ದರು, ತಿಂಗಳಿಗೊಮ್ಮೆ, ಒಂದು ಮೂಟೆ ರಾಗಿ, ಹುಣಸೆಹಣ್ಣು ಹೊತ್ತು. ಜಗಲಿಯ ತುದಿಯಲ್ಲಿ ಕೂತು ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಂಡು ಗೂಡಿನ ಲೆಕ್ಕ ಬರೆಯುತ್ತಿದ್ದರು. ತುಟಿ ಯಾವಾಗಲೂ ನೇರಳೆಹಣ್ಣು ತಿಂದವರ ಹಾಗೆ. “ಓದ್ತಾ ಇದೀಯಾ?” “ಹ್ಞೂ.” ಅಷ್ಟು ಮಾತಿಗೆ ಊಟದ ಹೊತ್ತಾಗುತ್ತಿತ್ತು. ಊಟ ಮಾಡಿ ಹೊರಟುಬಿಡುತ್ತಿದ್ದರು. ಅವರ ಜೊತೆ ಸ್ಟೇಷನ್ನಿನವರೆಗೆ ಹೋಗುತ್ತೇನೆಂದು ನಾನು ಒಂದು ದಿನವೂ ಅನ್ನಲಿಲ್ಲ. ಬಾ ಎಂದು ಅವರೂ ಅನ್ನಲಿಲ್ಲ.

ನೋಟುಪುಸ್ತಕದಲ್ಲಿ ಮಾತ್ರ ಹೆಕ್ಸನ ತಂದೆ ಬದಲಾಗತೊಡಗಿದ. ಮಗನನ್ನು ಮಾರಿದ್ದು ನಿಜ, ಅದನ್ನು ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಆದರೆ ಪ್ರತಿ ಅಮಾವಾಸ್ಯೆ ಕಳೆದ ಮರುದಿನ ಅವನು ಮರುಭೂಮಿ ದಾಟಿ, ಮಗನ ಕುದುರೆಗೆಂದು ಒಂದು ಮೂಟೆ ಹುರುಳಿ ಹೊತ್ತು ಬರುತ್ತಾನೆ. ಡೇರೆಯ ಹೊರಗೆ ಇಳಿಸಿ, ಬೆವರು ಒರೆಸಿಕೊಂಡು, ಏನೂ ಹೇಳದೆ ತಿರುಗಿ ನಡೆಯುತ್ತಾನೆ. ಹೆಕ್ಸ್ ಒಳಗಿನಿಂದ ನೋಡುತ್ತಿರುತ್ತಾನೆ.

ಇಂಥ ಬರವಣಿಗೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆಂದು ಹೇಳಿದವಳು ಮಗಳು. 1967ರಲ್ಲೇ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ಸೇರಿ ಇದಕ್ಕೊಂದು ಪತ್ರಿಕೆ ಹೊರಡಿಸಿದ್ದರಂತೆ. ಹೆಸರು ಹೊಸದು, ಚಟ ನಮ್ಮೂರಿಗೆ ಹಳೆಯದು. ಜಾತ್ರೆಯ ‘ಕುರುಕ್ಷೇತ್ರ’ ನಾಟಕದಲ್ಲಿ ತೊಡೆ ಮುರಿದು ಸತ್ತ ದುರ್ಯೋಧನ, ಜನ ‘ಒನ್ಸ್ ಮೋರ್’ ಎಂದರೆ ಎದ್ದು, ಕಿರೀಟ ನೇರ ಮಾಡಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಕಡೆ ನೋಡಿ ಮತ್ತೊಮ್ಮೆ ಹಾಡಿಯೇ ಸಾಯುತ್ತಿದ್ದ. ಭೀಮನಿಗೆ ಯಾರೂ ಒನ್ಸ್ ಮೋರ್ ಅಂದದ್ದು ನನಗೆ ನೆನಪಿಲ್ಲ.

ಹೆಕ್ಸನಿಗೆ ಅಂಥ ಸಾವು ಸಿಗಲಿಲ್ಲ. ಇದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. 1978ರಲ್ಲೇ, ಅಂದರೆ ನಾನು ಅವನ ಕಟ್ಟು ಬಿಚ್ಚುವ ಒಂದು ವರ್ಷ ಮೊದಲೇ, ಆಗ ಹೆಕ್ಸನ ಕಥೆ ಬರೆಯುತ್ತಿದ್ದ ಮೈಕೆಲ್ ಫ್ಲೈಷರ್ ಅವನ ಕೊನೆಯನ್ನು ಬರೆದಾಗಿತ್ತು. ಕಥೆಯಲ್ಲಿ ಅದು 1904. ಇಸ್ಪೀಟು ಆಡುತ್ತಿದ್ದ ಮುದುಕ ಹೆಕ್ಸನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅಲ್ಲಿಗೂ ಬಿಡದೆ ಹೆಣವನ್ನು ಹುಲ್ಲು ತುಂಬಿದ ಬೊಂಬೆಯ ಹಾಗೆ ಮಾಡಿ, ಥಳಕಿನ ಕೌಬಾಯ್ ಬಟ್ಟೆ ತೊಡಿಸಿ ತಮಾಷೆಯ ಪ್ರದರ್ಶನಕ್ಕೆ ನಿಲ್ಲಿಸುತ್ತಾರೆ. ಆ ಬೂದು ಕೋಟನ್ನೂ ಅವನ ಮೈಮೇಲೆ ಉಳಿಸಲಿಲ್ಲ. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಕಾರಣ ಹೇಳಿದರೆ ಮನೆಯವರು ನಗುತ್ತಾರೆಂದು ಗ್ಯಾಸ್ಟ್ರಿಕ್ ಎಂದೆ.

“ಇಲ್ಲಿ ನೋಡಿ, ಇದು ನಿಮ್ಮ ಅಕ್ಷರ ಅಲ್ಲ,” ಎಂದಳು ಹೆಂಡತಿ, ಪುಸ್ತಕವನ್ನು ನನ್ನ ಕಡೆ ಚಾಚಿ.

ಹುರುಳಿ ಮೂಟೆಯ ಪುಟ. ಬೇಸಿಗೆ ರಜೆಗೆ ಬಂದಾಗ ಅದನ್ನು ಊರಲ್ಲೇ ಮರೆತು ಹೋಗಿದ್ದಿರಬೇಕು. ಅಂಚಿನಲ್ಲಿ ನೇರಳೆ ಪೆನ್ಸಿಲಿನಲ್ಲಿ, ಗೂಡಿನ ಲೆಕ್ಕದಷ್ಟೇ ಸಣ್ಣಕ್ಷರದಲ್ಲಿ ಎರಡು ಸಾಲು ಇತ್ತು: ‘ಕುದುರೆಗೆ ಹುರುಳಿ ಹಸಿಯಾಗಿ ಕೊಡಬಾರದು. ಬೇಯಿಸಿ ಆರಿಸಿ ಕೊಡಬೇಕು.’

ಅದರ ಹಿಂದಿನ ಪುಟದಲ್ಲಿ ಮಗನನ್ನು ಮಾರಿದ ಕಥೆ ಇತ್ತು. ಅಲ್ಲಿ ಪೆನ್ಸಿಲಿನ ಗುರುತೇ ಇರಲಿಲ್ಲ. ಅಪ್ಪನಿಗೆ ಕುದುರೆಯ ವಿಷಯ ಹೇಗೆ ಗೊತ್ತಿತ್ತೋ. ನಮ್ಮ ಮನೆಯಲ್ಲಿ ಎಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ.

ಜೇಬಿನಿಂದ ಪೆನ್ನು ತೆಗೆದು, ‘ಒಂದು ಮೂಟೆ’ ಎಂಬ ಮಾತಿನ ಮುಂದೆ ಸೇರಿಸುವ ಗುರುತು ಹಾಕಿದೆ. ಮೂಟೆಯಲ್ಲಿ ಬೇಯಿಸಿದ ಹುರುಳಿ ಹೊತ್ತು ಮರುಭೂಮಿ ದಾಟುವುದು ಹೇಗೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಕೊನೆಗೆ ಹೆಕ್ಸನ ತಂದೆಯ ಇನ್ನೊಂದು ಕೈಗೆ ಒಂದು ಹಂಡೆ ಕೊಟ್ಟು, ಮಗ ನೋಡುತ್ತಿರುವ ಹಾಗೆಯೇ ಡೇರೆಯ ಮುಂದೆ ಒಲೆ ಹೂಡಿ ಕೂರಿಸಿದೆ. ಹುರುಳಿ ಬೇಯುವುದಕ್ಕೆ ಬಹಳ ಹೊತ್ತು ಬೇಕು.