ನರೋಡಾದ ಓಣಿಗಳು, ನಮ್ಮ ಕಡೆಯ ಮಂದಿ

ಎಪ್ಪತ್ತು-ಎಂಬತ್ತರ ದಶಕದಲ್ಲಿ ಮದುವೆಗೆ ಸೂಟು ಹೊಲಿಸಿದವರು, ಸೀರೆ ತೆಗೆದವರು ವಿಮಲ್ ಎಂಬ ಹೆಸರನ್ನು ಮರೆತಿರಲಿಕ್ಕಿಲ್ಲ. ಧೀರೂಭಾಯಿ ಅಂಬಾನಿಯವರು ಅಣ್ಣನ ಮಗನ ಹೆಸರಿಟ್ಟಿದ್ದ ಆ ಬಟ್ಟೆ ತಯಾರಾಗುತ್ತಿದ್ದದ್ದು ಅಹಮದಾಬಾದಿನ ಈಶಾನ್ಯಕ್ಕಿರುವ ನರೋಡಾದಲ್ಲಿ, 1966ರಲ್ಲಿ ಶುರುವಾದ ಗಿರಣಿಯಲ್ಲಿ. ನಮ್ಮ ಎಷ್ಟೋ ಮನೆಗಳ ಟ್ರಂಕಿನೊಳಗೆ ನರೋಡಾ ಇತ್ತು. ಊರಿನ ಹೆಸರು ಮಾತ್ರ ಯಾರೂ ಕೇಳಿರಲಿಲ್ಲ.

ನರೋಡಾ ಹಳೆಯ ಹಳ್ಳಿ. ವಲ್ಲಭಾಚಾರ್ಯರು ಕೂತು ಪ್ರವಚನ ಮಾಡಿದ ಎಂಬತ್ತನಾಲ್ಕು ಬೈಠಕ್‌ಗಳಲ್ಲಿ ಒಂದು ಇಲ್ಲಿದೆ. ವಿಜಯನಗರದಲ್ಲಿ ಕೃಷ್ಣದೇವರಾಯನ ಎದುರು ವಾದ ಗೆದ್ದು ಕನಕಾಭಿಷೇಕ ಮಾಡಿಸಿಕೊಂಡರೆಂದು ಸಂಪ್ರದಾಯದವರು ಹೇಳುವ ಆಚಾರ್ಯರು ಇವರೇ. ಹಂಪಿಯನ್ನೂ ನರೋಡಾವನ್ನೂ ಜೋಡಿಸುವ ಇಂಥ ಎಳೆ ಸಿಕ್ಕರೆ ನನಗೆ ಬಿಡಲು ಮನಸ್ಸಾಗುವುದಿಲ್ಲ. ದೇಶ ಇಬ್ಭಾಗವಾದ ಮೇಲೆ ಸಿಂಧ್‌ನಿಂದ ಎಲ್ಲ ಬಿಟ್ಟು ಬಂದವರು ಪಕ್ಕದ ಸರ್ದಾರ್‌ನಗರ, ಕುಬೇರ್‌ನಗರಗಳಲ್ಲಿ ಬೇರೂರಿದರು. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅವರ ಹೊಸವರ್ಷದ ಹಬ್ಬ ಚೇಟಿಚಂಡ್ ಬರುತ್ತದೆ. ಅರವತ್ತರ ದಶಕದಲ್ಲಿ ಸರ್ಕಾರದ ಕೈಗಾರಿಕಾ ನಿಗಮ ಹುಟ್ಟಿತು, ನರೋಡಾದಲ್ಲಿ ಕಾರ್ಖಾನೆಗಳ ಸಾಲು ಎದ್ದಿತು. ಬಣ್ಣ, ರಸಾಯನ, ಜವಳಿ. ಖಾರಿಕಟ್ ಕಾಲುವೆಯ ನೀರು ಕೆಟ್ಟದ್ದೂ ಕೂಲಿ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಆ ಕೂಲಿಯನ್ನು ಹುಡುಕಿಕೊಂಡು ಹೋದವರಲ್ಲಿ ನಮ್ಮ ಕಲಬುರಗಿ ಸೀಮೆಯವರಿದ್ದರು. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಆ ಕಡೆಯವರಿಗೆ ಹೊಸತಲ್ಲ. ಮುಂಬೈ, ಪುಣೆ, ಗೋವಾ ಎನ್ನುತ್ತೇವೆ. ಅಹಮದಾಬಾದಿನ ಹೆಸರು ಯಾಕೋ ಬಾಯಿಗೆ ಬರುವುದಿಲ್ಲ. ನರೋಡಾ ಪಾಟಿಯಾದ ಮುಸ್ಲಿಂ ಮೊಹಲ್ಲಾಗಳಲ್ಲಿ, ನೂರಾನಿ ಮಸೀದಿಯ ಹಿಂದಿನ ಹುಸೇನ್‌ನಗರ, ಜವಾನ್‌ನಗರಗಳ ಓಣಿಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಬಂದ ದಿನಗೂಲಿಯವರೇ ಹೆಚ್ಚು. ಎದುರಿಗೆ ಸರ್ಕಾರಿ ಬಸ್ಸುಗಳ ವರ್ಕ್‌ಶಾಪು. ಗುಜರಾತಿನ ಕೋಮುಗಲಭೆಯಲ್ಲಿ, 2002ರ ಫೆಬ್ರುವರಿ 28ರಂದು ಗುಂಪು ನುಗ್ಗಿ ಕೊಂದದ್ದು ಈ ಓಣಿಗಳ 97 ಜನರನ್ನು. ಹೆಂಗಸರು, ಮಕ್ಕಳೇ ಬಹಳ. ಗುಜರಾತಿನ ಸುದ್ದಿ ಎಂದು ನಾವು ಓದಿದ್ದರಲ್ಲಿ ಕಲಬುರಗಿಯ ಮನೆಗಳ ಸಾವೂ ಇತ್ತು. ನಮ್ಮ ಜಿಲ್ಲೆಯವರು ಅಲ್ಲಿ ಸತ್ತರು ಎಂಬ ದುಃಖ ನಮ್ಮಲ್ಲಿ ಎಷ್ಟು ಜನರಿಗೆ ತಟ್ಟಿತು ಎಂದು ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ. ಉಳಿದವರು ಶಾಹ್‌ಆಲಂ ದರ್ಗಾದ ಶಿಬಿರ ಸೇರಿದರು. ಆಮೇಲೆ ಕೆಲವರಿಗೆ ಮನೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ, ಪಿರಾಣಾದ ಕಸದ ಗುಡ್ಡದ ಬುಡದ ಸಿಟಿಜನ್‌ನಗರದಲ್ಲಿ. 2012ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ 32 ಜನರನ್ನು ತಪ್ಪಿತಸ್ಥರೆಂದಿತು. 2018ರಲ್ಲಿ ಹೈಕೋರ್ಟ್ ಅವರಲ್ಲಿ ಹಲವರನ್ನು ಬಿಟ್ಟು, ಕೆಲವರು ತಪ್ಪಿತಸ್ಥರೆಂಬ ತೀರ್ಪನ್ನು ಎತ್ತಿಹಿಡಿಯಿತು.

ಪಾಟಿಯಾದಿಂದ ತುಸು ದೂರದಲ್ಲೇ ಕುಬೇರ್‌ನಗರದ ಛಾರಾನಗರ. ನನ್ನ ಹರಟೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ.

ಛಾರಾಗಳು ಅಲೆಮಾರಿಗಳಾಗಿದ್ದವರು. ಅವರ ಮನೆಮಾತು ಭಾಂತು. 1871ರ ಕಾಯ್ದೆ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಜನಾಂಗಗಳಲ್ಲಿ ಅವರೂ ಸೇರಿದರು. ಬ್ರಿಟಿಷರು ಅವರನ್ನು ಹಿಡಿದು ತಂದು ತಂತಿಬೇಲಿಯೊಳಗೆ ಕೂರಿಸಿದರು. ದಿನಾ ಹಾಜರಿ ಹಾಕಬೇಕು. ಹೊರಗೆ ಕಾಲಿಡಲು ಚೀಟಿ ಬೇಕು. ಇದನ್ನು ಓದುವ ಹುಬ್ಬಳ್ಳಿಯವರಿಗೆ ತಟ್ಟನೆ ತಮ್ಮೂರಿನ ಸೆಟ್ಲಮೆಂಟ್ ನೆನಪಾಗಬೇಕು. ಗದಗ-ಬೆಟಗೇರಿಯವರಿಗೂ ಅಷ್ಟೆ. ಅಲ್ಲಿ ಗಂಟಿಚೋರರು, ಇಲ್ಲಿ ಛಾರಾಗಳು. ಕಾಯ್ದೆ ಒಂದೇ, ಮುಂಬೈ ಪ್ರಾಂತದ ಆಡಳಿತವೂ ಒಂದೇ. ಸಾವಿರ ಕಿಲೋಮೀಟರಿನ ಅಂತರದಲ್ಲಿ ಎರಡು ಬಡಾವಣೆಗಳನ್ನು ಕಟ್ಟಿದ್ದು ಒಂದೇ ಬೇಲಿ. 1952ರ ಆಗಸ್ಟ್ 31ಕ್ಕೆ ದೇಶದಾದ್ಯಂತ ಆ ಕಾಯ್ದೆ ರದ್ದಾಯಿತು. ತಂತಿ ಕಿತ್ತರು, ಪೊಲೀಸರ ಸಂಶಯವನ್ನು, ನೆರೆಯವರ ಕಣ್ಣಿನ ನೋಟವನ್ನು ಕೀಳುವವರು ಯಾರು? ಛಾರಾನಗರದ ವಿಳಾಸ ಹೇಳಿದರೆ ನೌಕರಿ ಸಿಗದು. ಪಾನನಿಷೇಧದ ನಾಡಿನಲ್ಲಿ ಹಲವು ಮನೆಗಳು ಕಳ್ಳಭಟ್ಟಿಯ ದಾರಿ ಹಿಡಿದದ್ದಕ್ಕೆ ಇದೂ ಕಾರಣ.

1998ರಲ್ಲಿ ಬಂಗಾಳಿ ಲೇಖಕಿ ಮಹಾಶ್ವೇತಾದೇವಿ ಮತ್ತು ಭಾಷಾತಜ್ಞ ಗಣೇಶ ದೇವಿ ಛಾರಾನಗರಕ್ಕೆ ಬಂದರು. ಅದೇ ವರ್ಷದ ಫೆಬ್ರುವರಿಯಲ್ಲಿ ಬಂಗಾಳದ ಪುರುಲಿಯಾದಲ್ಲಿ, ಅಂಥದೇ ಹಣೆಪಟ್ಟಿ ಹೊತ್ತ ಜನಾಂಗದ ಬುಧನ್ ಶಬರ್ ಎಂಬ ಬಡವ ಪೊಲೀಸರ ಹೊಡೆತಕ್ಕೆ ಸತ್ತಿದ್ದ. ಛಾರಾನಗರದಲ್ಲಿ ಮೊದಲು ಹುಟ್ಟಿದ್ದು ಒಂದು ಗ್ರಂಥಾಲಯ. ಪುಸ್ತಕ ಓದಲು ಕೂಡಿದ ಹುಡುಗ ಹುಡುಗಿಯರು ಬುಧನ್‌ನ ಸಾವನ್ನೇ ನಾಟಕ ಮಾಡಿ ಆಡಿದರು. ಬುಧನ್ ಥಿಯೇಟರ್ ಹುಟ್ಟಿದ್ದು ಹಾಗೆ. ಮನೆಯಲ್ಲಿ ಪೊಲೀಸರ ದಾಳಿಯನ್ನು ಕಂಡು ಬೆಳೆದ ಮಕ್ಕಳಿಗೆ ಪೊಲೀಸನ ಪಾತ್ರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಓಣಿಗಳಿಂದ ಇವತ್ತು ವಕೀಲರು, ಪತ್ರಕರ್ತರು, ಸಿನಿಮಾ ಮಾಡುವವರು ಬಂದಿದ್ದಾರೆ. ಆದರೂ 2018ರ ಜುಲೈ 26ರ ರಾತ್ರಿ ಪೊಲೀಸರು ನುಗ್ಗಿದಾಗ ವಕೀಲರೂ ಕಲಾವಿದರೂ ಏಟು ತಿಂದರು. ಬಡಾವಣೆ ಮೌನ ಮೆರವಣಿಗೆ ಹೊರಟು ಉತ್ತರ ಕೊಟ್ಟಿತು.

ಇನ್ನೊಂದು ಮಾತನ್ನು ನುಂಗಿಕೊಂಡರೆ ಈ ಬರಹ ಸುಳ್ಳಾಗುತ್ತದೆ. ಪಾಟಿಯಾದ ಕೊಲೆಗಳಿಗಾಗಿ 2012ರಲ್ಲಿ ಶಿಕ್ಷೆಗೊಳಗಾದವರಲ್ಲಿ ಛಾರಾಗಳೂ ಇದ್ದರು. ತಲೆಮಾರುಗಟ್ಟಲೆ ಏಟು ತಿಂದ ಓಣಿಯಿಂದ ಹೊರಟ ಕೈ, ಅಷ್ಟೇ ಬಡವರಾದ ಪಕ್ಕದ ಓಣಿಯವರ ಮೇಲೆ ಬಿದ್ದಿತು. ನೋವುಂಡವರಿಗೆ ಪರರ ನೋವು ತಾನಾಗಿ ತಿಳಿಯುತ್ತದೆ ಎಂದು ನಂಬಿ ಕೂರುವುದು ನನ್ನಿಂದಾಗದು. ಅದನ್ನು ಕೂಡಿ ಕಲಿಯಬೇಕಾಗುತ್ತದೆ. ಬುಧನ್ ಥಿಯೇಟರಿನ ಮೇಲೆ ನನಗೆ ಇಷ್ಟು ಅಕ್ಕರೆ ಇರುವುದು ಅದಕ್ಕೇ. ಅಲ್ಲಿನ ಮಕ್ಕಳು ಅಭಿನಯಿಸಿದ ಮೊದಲ ನೋವು ತಮ್ಮದಾಗಿರಲಿಲ್ಲ, ಕಂಡಿರದ ದೂರದ ಶಬರನದು.

ಗಣೇಶ ದೇವಿಯವರು 2016ರಲ್ಲಿ ವಡೋದರಾ ಬಿಟ್ಟು ಧಾರವಾಡಕ್ಕೆ ಬಂದು ನೆಲೆಸಿದರು. ಅದರ ಹಿಂದಿನ ವರ್ಷ ಅಲ್ಲಿನ ಕಲ್ಯಾಣನಗರದ ಮನೆಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದಿದ್ದರು. ಆ ನೋವೇ ದೇವಿಯವರನ್ನು ಇಲ್ಲಿಗೆ ತಂದಿತು. ಕಲಬುರಗಿಯವರು ಕೂಲಿಗಾಗಿ ಗುಜರಾತಿಗೆ ಹೋದರು, ಗುಜರಾತಿನಿಂದ ಒಬ್ಬರು ಕಲಬುರ್ಗಿಯವರಿಗಾಗಿ ಧಾರವಾಡಕ್ಕೆ ಬಂದರು. ಧಾರವಾಡದಿಂದ ಹುಬ್ಬಳ್ಳಿ ಎಷ್ಟು ದೂರ? ಛಾರಾನಗರದ ಹುಡುಗರು ಒಂದು ಸಂಜೆ ಹುಬ್ಬಳ್ಳಿಯ ಸೆಟ್ಲಮೆಂಟಿಗೆ ಬಂದು ನಾಟಕ ಆಡಬೇಕು, ಗಂಟಿಚೋರರ ಮನೆಗಳ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನೋಡಬೇಕು, ಕಲಬುರಗಿಯಿಂದಲೂ ನಾಲ್ಕು ಜನ ಬರಬೇಕು. ಕರೆಯುವ ಕೆಲಸ ನಮ್ಮದು.